ಮಂಗಳ ಹೋಗಿ ಮಗಳ ಆದ ಕತೆ

ನಮ್ಮ ನೆಟ್ಟಣದಲ್ಲಿ ಮೊಬೈಲಿನ ರೇಂಜ್ ಎಲ್ಲೆಲ್ಲಿ ಸಿಗುತ್ತದೆ ಎನ್ನುವುದಕ್ಕೆ ಯಾರೂ ಬರೆದಿಡದ ಒಂದು ನಕ್ಷೆ ಉಂಟು. ಮನೆಯೊಳಗೆ ಇಲ್ಲ. ಹಟ್ಟಿಯ ಹಿಂದೆ ಒಂದು ಕಡ್ಡಿ. ಬೇಲಿಯ ತಡಮೆಯ ಹತ್ತಿರ ಎರಡು ಕಡ್ಡಿ. ಘಟ್ಟದ ಬುಡದಲ್ಲಿ ಮನೆ ಕಟ್ಟಿಕೊಂಡವರು ಇದಕ್ಕಿಂತ ಹೆಚ್ಚು ಆಸೆ ಪಡಬಾರದು. ಹಾಗಾಗಿ ಬೆಂಗಳೂರಿನ ಕಂಪೆನಿಗೆ ಇಲ್ಲಿಂದಲೇ ಕೆಲಸ ಮಾಡುವ ನಾನೂ, ಕ್ಯಾಂಪ್ಕೊದ ಅಡಿಕೆ ಧಾರಣೆ ನೋಡದೆ ಕಾಫಿ ಕುಡಿಯದ ಪಕ್ಕದ ಗೌಡ್ರೂ ತಡಮೆಯಲ್ಲಿ ಎದುರುಬದುರಾಗುತ್ತೇವೆ. ಅವರು ಆಚೆ, ನಾನು ಈಚೆ, ನಡುವೆ ಗೊಬ್ಬರ ಗಿಡದ ಬೇಲಿ. ಮಾತು ಧಾರಣೆಯಿಂದ ಸುರುವಾಗಿ ಆನೆಗೆ ಹೋಗುತ್ತದೆ, ಅಲ್ಲಿಂದ ಕರೆಂಟಿಗೆ ಬರುತ್ತದೆ. ಈಚೆಗೆ ವೆಬ್ ಪುಟಕ್ಕೆ ಬಂದು ಅಲ್ಲೇ ಬೇರು ಬಿಟ್ಟಿದೆ.

ಕಾರಣ ಅವರ ನರ್ಸರಿ. ಅಡಿಕೆ, ತೆಂಗು, ಸ್ವಲ್ಪ ಕೊಕ್ಕೊ, ಸ್ವಲ್ಪ ಕಾಳುಮೆಣಸು. ಯಾವ ಸಸಿ ಉಂಟು, ಎಷ್ಟು ರೂಪಾಯಿ ಎಂದು ದಿನಕ್ಕೆ ನೂರು ಜನ ಫೋನ್ ಮಾಡುತ್ತಾರಂತೆ. ಒಂದು ಪಟ್ಟಿ ಮಾಡಿ ಫೋನಿನಲ್ಲಿ ಕಾಣುವ ಹಾಗೆ ಹಾಕಿಕೊಡು ಎಂದರು. ಪಟ್ಟಿ ಕಾಣತೊಡಗಿದ ಸಂಜೆಯೇ ತಡಮೆಗೆ ಬಂದು ಬೆರಳಿನಲ್ಲಿ ಪರದೆಯನ್ನು ಕುಟ್ಟಿ ತೋರಿಸಿದರು.

“ಎಂತ ಮಾರಾಯ್ತಿ, ಹೆಸರಿನ ಮೇಲೆ ಒತ್ತಿದರೆ ಎಂತದೂ ಆಗುವುದಿಲ್ಲವಲ್ಲ?”

“ಅದು ಇನ್ನು ಮಾಡಬೇಕಷ್ಟೆ ಮಾವ. ಇವತ್ತು ಪಟ್ಟಿ ಮಾತ್ರ.”

“ಒತ್ತಿದರೆ ತೆರೆಯದ ಪಟ್ಟಿ ಎಂತಕ್ಕೆ? ಅದನ್ನು ನಾನು ಹಲಗೆಯಲ್ಲಿ ಬರೆದು ಗೇಟಿಗೆ ಕಟ್ಟುತ್ತಿದ್ದೆನಲ್ಲ.”

ಸಾಫ್ಟ್‌ವೇರ್ ಓದಿದವರು ಎರಡು ಅಧ್ಯಾಯದಲ್ಲಿ ಹೇಳುವುದನ್ನು ಗೌಡ್ರು ಒಂದು ಹಲಗೆಯಲ್ಲಿ ಹೇಳಿ ಮುಗಿಸಿದರು. ಪಟ್ಟಿಯ ಪುಟ ಬೇರೆ, ಒಂದೊಂದು ವಸ್ತುವಿನ ವಿವರದ ಪುಟ ಬೇರೆ. ಮೊದಲನೆಯದರಿಂದ ಎರಡನೆಯದಕ್ಕೆ ದಾರಿ ಇಲ್ಲದಿದ್ದರೆ ಅದು ಗೇಟಿಗೆ ಕಟ್ಟಿದ ಹಲಗೆಯೇ.

ನಾನು ಇದಕ್ಕೆ ಬಳಸುವುದು ಜ್ಯಾಂಗೊ ಎಂಬ ಫ್ರೇಮ್‌ವರ್ಕ್. ಹೆಸರು ಕೇಳಿ ಗೌಡ್ರು, “ಆನೆಯ ಹೆಸರಿನ ಹಾಗುಂಟು” ಎಂದರು. ಆನೆಯಲ್ಲ, ಗಿಟಾರ್ ನುಡಿಸುತ್ತಿದ್ದ ಜ್ಯಾಂಗೊ ರೈನ್‌ಹಾರ್ಟ್ ಎಂಬವರ ಹೆಸರು. ಬೆಂಕಿಯಲ್ಲಿ ಎಡಗೈ ಸುಟ್ಟುಹೋದ ಮೇಲೆ ಎರಡೇ ಬೆರಳಿನಲ್ಲಿ ತಂತಿ ಒತ್ತಿ ಹೆಸರು ಮಾಡಿದವರು. ಆದರೆ ಈ ಫ್ರೇಮ್‌ವರ್ಕ್ ಹುಟ್ಟಿದ್ದು ಸಂಗೀತದ ಮನೆಯಲ್ಲಲ್ಲ, ಒಂದು ದಿನಪತ್ರಿಕೆಯ ಕಚೇರಿಯಲ್ಲಿ. ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಲಾರೆನ್ಸ್ ಎಂಬ ಊರು, ಅಲ್ಲಿಯ ‘ಲಾರೆನ್ಸ್ ಜರ್ನಲ್-ವರ್ಲ್ಡ್’ ಪತ್ರಿಕೆ. ಅಲ್ಲಿ ಕೆಲಸ ಮಾಡುತ್ತಿದ್ದ ಏಡ್ರಿಯನ್ ಹೊಲೊವಾಟಿ, ಸೈಮನ್ ವಿಲಿಸನ್ ಎಂಬ ಇಬ್ಬರು 2003ರಲ್ಲಿ ಇದನ್ನು ಕಟ್ಟತೊಡಗಿದರು. 2005ರ ಜುಲೈಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಪತ್ರಿಕೆಯ ಕೆಲಸ ಎಂದರೆ ಎಂತ? ಸುದ್ದಿಗಳ ಪಟ್ಟಿ, ಒಂದು ಸುದ್ದಿ. ಪಂದ್ಯಗಳ ಪಟ್ಟಿ, ಒಂದು ಪಂದ್ಯ. ದಿನಾ ಅದೇ. ಆದ್ದರಿಂದ ಪಟ್ಟಿಗೆ ಲಿಸ್ಟ್ ವ್ಯೂ, ಒಂದರ ವಿವರಕ್ಕೆ ಡಿಟೇಲ್ ವ್ಯೂ ಎಂಬ ಸಿದ್ಧ ಅಚ್ಚುಗಳೇ ಇದರಲ್ಲಿ ಉಂಟು. ಎರಡನ್ನೂ ನಿಲ್ಲಿಸಲಿಕ್ಕೆ ಹತ್ತು ಸಾಲು ಬರೆದರೆ ಸಾಕು. ಎರಡರ ನಡುವಿನ ಸೇತುವೆಗೆ ಮಾತ್ರ ಸ್ವಲ್ಪ ತಲೆ ಖರ್ಚು ಮಾಡಬೇಕು.

ಸೇತುವೆ ಎಂದರೆ ವಿಳಾಸ. ಪ್ರತಿಯೊಂದು ಸಸಿಗೂ ತನ್ನದೇ ವಿಳಾಸ ಬೇಕು. ಯಾವುದನ್ನು ವಿಳಾಸ ಮಾಡುವುದು?

“ಪಟ್ಟಿಯಲ್ಲಿ ಕ್ರಮಸಂಖ್ಯೆ ಉಂಟಲ್ಲ, ಒಂದು ಎರಡು ಮೂರು. ಅದನ್ನೇ ಕೊಡು” ಎಂದರು ಗೌಡ್ರು.

“ಇವತ್ತು ಮೂರನೆಯದು ಸುಮಂಗಳ. ನಾಳೆ ನೀವು ದರದ ಪ್ರಕಾರ ಜೋಡಿಸು ಎಂದು ಹೇಳಿದರೆ ಅದು ಏಳನೆಯದಾಗುತ್ತದೆ. ಮೂರು ಎಂದು ವಿಳಾಸ ಇಟ್ಟುಕೊಂಡವರಿಗೆ ಬೇರೆ ಎಂತದೋ ಸಿಗುತ್ತದೆ ಮಾವ.”

ಸಾಲಿನಲ್ಲಿ ನಿಂತ ಜಾಗ ಒಬ್ಬನ ಗುರುತಲ್ಲ. ರೇಷನ್ ಅಂಗಡಿಯಲ್ಲಿ ನಿಂತವರಿಗೆಲ್ಲ ಗೊತ್ತಿರುವ ಸಂಗತಿ. ಗೌಡ್ರು ತಕ್ಷಣ ಒಪ್ಪಿ, “ಹಾಗಾದರೆ ಹೆಸರನ್ನೇ ಹಾಕು” ಎಂದರು.

ಹೆಸರು! ನಮ್ಮ ಅಡಿಕೆ ತಳಿಗಳ ಹೆಸರು ನೋಡಿದ್ದೀರಾ? ಮಂಗಳ, ಸುಮಂಗಳ, ಶ್ರೀಮಂಗಳ, ಸ್ವರ್ಣಮಂಗಳ, ಇಂಟರ್ ಮಂಗಳ. ಮದುವೆಯ ಕಾಗದ ಓದಿದ ಹಾಗೆ ಆಗುತ್ತದೆ. ಇಟ್ಟವರು ವಿಟ್ಲದ ಸಂಶೋಧನಾ ಕೇಂದ್ರದವರು, ಶುಭವಾಗಲಿ ಎಂದೇ ಇಟ್ಟದ್ದು. ಆದರೆ ಅವರು ಹೆಸರಿನ ಮೇಲೆ ಭಾರ ಹಾಕಿ ಕೂತವರಲ್ಲ. ಒಳಗಿನ ಲೆಕ್ಕಕ್ಕೆ ಪ್ರತಿಯೊಂದಕ್ಕೂ ನಂಬರ್ ಉಂಟು. 1972ರಲ್ಲಿ ಬಿಡುಗಡೆಯಾದ, ಚೀನಾ ಮೂಲದ ಮಂಗಳ ಅವರಿಗೆ ವಿಟಿಎಲ್-3. ಇಂಡೋನೇಷ್ಯಾದಿಂದ ಬಂದ ಸುಮಂಗಳ ವಿಟಿಎಲ್-11. ವಿಯೆಟ್ನಾಮಿನ ಸೈಗಾನ್ ಮೂಲದ ಸ್ವರ್ಣಮಂಗಳ ವಿಟಿಎಲ್-12. ಸಿಂಗಾಪುರದ ಶ್ರೀಮಂಗಳ ವಿಟಿಎಲ್-17. ಹೆಸರು ನಮಗೆ, ನಂಬರ್ ಅವರ ರಿಜಿಸ್ಟರಿಗೆ. ಮೋಹಿತ್‌ನಗರ ಎಂಬ ತಳಿ ಮಾತ್ರ ಈ ಮಂಗಳ ಕುಟುಂಬಕ್ಕೆ ಸೇರದೆ, ಪಶ್ಚಿಮ ಬಂಗಾಳದ ತನ್ನ ಊರಿನ ಹೆಸರನ್ನೇ ಉಳಿಸಿಕೊಂಡಿದೆ.

ಗೌಡ್ರಿಗೆ ಇದು ಸರಿ ಕಾಣಲಿಲ್ಲ. “ವಿಟಿಎಲ್ ಹನ್ನೊಂದು ಕೊಡಿ ಎಂದು ಯಾರು ಕೇಳಿಕೊಂಡು ಬರ್ತಾರೆ? ಹೆಸರು ಹಾಕು, ಕನ್ನಡದಲ್ಲೇ ಹಾಕು. ವಿಳಾಸದಲ್ಲಿ ಮಂಗಳ ಎಂದು ಚೆಂದಕ್ಕೆ ಕಾಣಲಿ.”

ಹಾಕಿ ತೋರಿಸಿದೆ. ಇಲ್ಲಿಂದ ಮುಂದೆ ಸ್ವಲ್ಪ ನಿಧಾನಕ್ಕೆ ಹೋಗೋಣ, ಕನ್ನಡದಲ್ಲಿ ವೆಬ್ ಪುಟ ಮಾಡುವವರು ಎಲ್ಲರೂ ಎಂದಾದರೂ ಕಾಲಿಡುವ ಹೊಂಡ ಇದು.

ಹೆಸರನ್ನು ವಿಳಾಸಕ್ಕೆ ತಕ್ಕ ಹಾಗೆ ಕತ್ತರಿಸಿ ಕೊಡುವ ಒಂದು ಫಂಕ್ಷನ್ ಜ್ಯಾಂಗೊದಲ್ಲಿ ಉಂಟು, ಸ್ಲಗಿಫೈ. ಸ್ಲಗ್ ಎಂಬುದು ಪತ್ರಿಕೆಯವರ ಶಬ್ದ, ಸುದ್ದಿಗೆ ಕಚೇರಿಯೊಳಗೆ ಇಡುವ ಗುರುತಿನ ಹೆಸರು. ಈ ಸ್ಲಗಿಫೈಗೆ ‘ಮಂಗಳ’ ಎಂದು ಸುಮ್ಮನೆ ಕೊಟ್ಟರೆ ಖಾಲಿ ಬರುತ್ತದೆ. ಇಂಗ್ಲಿಷ್ ಅಕ್ಷರ, ಅಂಕಿ ಬಿಟ್ಟು ಉಳಿದದ್ದನ್ನೆಲ್ಲ ಅದು ಗುಡಿಸಿ ಹಾಕುತ್ತದೆ. ಮಂಗಳವೂ ಖಾಲಿ, ಸುಮಂಗಳವೂ ಖಾಲಿ. ಎಲ್ಲ ಸಸಿಗಳಿಗೂ ಒಂದೇ ವಿಳಾಸ, ಅದೂ ಏನಿಲ್ಲದ ವಿಳಾಸ. ಬೇರೆ ಲಿಪಿಗಳನ್ನೂ ಉಳಿಸು ಎಂದು ಹೇಳುವ ಅನುಕೂಲ 2015ರ ಕೊನೆಗೆ ಬಂದ 1.9ನೇ ಆವೃತ್ತಿಯಿಂದ ಉಂಟು. ಅದನ್ನು ಹಾಕಿ ಮತ್ತೆ ‘ಮಂಗಳ’ ಕೊಟ್ಟೆ.

ಬಂದದ್ದು ‘ಮಗಳ’.

ಗೌಡ್ರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. ಕೋಪ ಬರಬೇಕೋ ನಗು ಬರಬೇಕೋ ಎಂದು ಅವರ ಮುಖ ಸ್ವಲ್ಪ ಹೊತ್ತು ತೀರ್ಮಾನ ಮಾಡಲಿಲ್ಲ. “ಮಂಗಳ ಕೇಳಿದವರಿಗೆ ಮಗಳನ್ನು ತೋರಿಸಲಿಕ್ಕೆ ನಾನು ಎಂತ ಮದುವೆ ದಲ್ಲಾಳಿಯಾ?”

ಆಗಿದ್ದು ಇಷ್ಟೆ. ಜ್ಯಾಂಗೊ ಬರೆದಿರುವ ಪೈಥಾನ್ ಭಾಷೆಗೆ ಅಕ್ಷರ ಎಂದರೆ ಯಾವುದು ಎಂಬ ಬಗ್ಗೆ ಅದರದ್ದೇ ಲೆಕ್ಕ. ಯುನಿಕೋಡ್‌ನಲ್ಲಿ ‘ಮ’, ‘ಗ’, ‘ಳ’ ಅಕ್ಷರಗಳು. ಆದರೆ ಅನುಸ್ವಾರದ ಸೊನ್ನೆ, ಗುಡಿಸು, ಕೊಂಬು, ಏತ್ವ, ಅರ್ಧಾಕ್ಷರದ ಚಿಹ್ನೆ ಇವೆಲ್ಲ ‘ಗುರುತು’ಗಳು, ಅಕ್ಷರಗಳಲ್ಲ. ಸ್ಲಗಿಫೈ ಅಕ್ಷರ ಅಂಕಿಗಳನ್ನು ಇಟ್ಟುಕೊಂಡು ಗುರುತುಗಳನ್ನು ಬಿಸಾಡುತ್ತದೆ. ಹಾಗಾಗಿ ಸುಮಂಗಳ ‘ಸಮಗಳ’ ಆಗುತ್ತದೆ. ಶ್ರೀಮಂಗಳ ‘ಶರಮಗಳ’. ಮೋಹಿತ್‌ನಗರ ‘ಮಹತನಗರ’. ಅಡಿಕೆ ‘ಅಡಕ’, ತೆಂಗು ಬರೇ ‘ತಗ’. ನಮ್ಮ ನೆಟ್ಟಣ ‘ನಟಟಣ’. ಕಾಗುಣಿತವನ್ನು ಕಿತ್ತುಕೊಂಡ ಕನ್ನಡ ಹಲ್ಲು ಕಟ್ಟಿಸುವ ಮೊದಲಿನ ಅಜ್ಜನ ಮಾತಿನಂತೆಯೂ ಇಲ್ಲ. ಅಜ್ಜನದ್ದು ನಮಗೆ ಅರ್ಥವಾಗುತ್ತದೆ.

ಇದಕ್ಕೆ ಬೇರೆ ಉಪಾಯ ಇಲ್ಲವೆಂದಲ್ಲ, ನಾವೇ ನಮ್ಮ ಸ್ಲಗಿಫೈ ಬರೆದುಕೊಳ್ಳಬಹುದು. ಬರೆದರೂ ಇನ್ನೊಂದು ತಾಪತ್ರಯ ಕಾದಿರುತ್ತದೆ. ಕನ್ನಡದ ವಿಳಾಸವನ್ನು ಬ್ರೌಸರಿನಿಂದ ನಕಲು ಮಾಡಿ ವಾಟ್ಸಾಪಿಗೆ ಹಾಕಿದರೆ ಹೆಚ್ಚಾಗಿ ಅದು ಪರ್ಸೆಂಟ್ ಚಿಹ್ನೆಗಳ ಮೆರವಣಿಗೆಯಾಗಿ ಬೀಳುತ್ತದೆ. ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು, ಒಂದೊಂದು ಬೈಟಿಗೂ ಮೂರು ಅಕ್ಷರ. ‘ಮಂಗಳ’ದ ನಾಲ್ಕು ಚಿಹ್ನೆ 36 ಅಕ್ಷರವಾಗುತ್ತದೆ. ನೋಡಿದವರು ವೈರಸ್ ಎಂದು ಅಳಿಸಿಬಿಡುತ್ತಾರೆ. ಪುಟದೊಳಗೆ ಕನ್ನಡ ಎಷ್ಟು ಬೇಕಾದರೂ ಇರಲಿ, ಇರಲೇಬೇಕು. ವಿಳಾಸದಲ್ಲಿ ನಾನು ನಂಬರಿನ ಪಕ್ಷ.

“ವಿಟ್ಲದ ನಂಬರನ್ನಾದರೂ ಹಾಕು ಹಾಗಾದರೆ” ಎಂದು ಗೌಡ್ರು ಅರ್ಧ ಇಳಿದರು. ಅದೂ ಆಗುವುದಿಲ್ಲ. ಊರಿನ ಅಡಿಕೆಗೆ ವಿಟ್ಲದ ನಂಬರ್ ಇಲ್ಲ, ಕಾಳುಮೆಣಸಿಗೆ ಮೊದಲೇ ಇಲ್ಲ. ಡೇಟಾಬೇಸ್ ತಾನೇ ಪ್ರತಿ ದಾಖಲೆಗೆ ಕೊಡುವ ಒಂದು ನಂಬರ್ ಉಂಟು, ಪ್ರೈಮರಿ ಕೀ ಎಂದು ಕರೆಯುತ್ತಾರೆ. ಹುಟ್ಟುವಾಗ ಸಿಕ್ಕಿದ್ದು, ಸಾಯುವವರೆಗೆ ಅದೇ. ಹೆಸರು ತಿದ್ದಿ, ದರ ಏರಿಸಿ, ಪಟ್ಟಿಯನ್ನು ತಲೆಕೆಳಗು ಮಾಡಿ, ಅದು ಕದಲುವುದಿಲ್ಲ. ವಿಳಾಸ ಅದೇ ಆಗಲಿ, ಹೆಸರು ಪುಟದ ನೆತ್ತಿಯ ಮೇಲೆ ದೊಡ್ಡದಾಗಿ ಕನ್ನಡದಲ್ಲಿರಲಿ ಎಂದು ರಾಜಿ ಆಯಿತು.

ಹೆಸರಿಗೂ ಗುರುತಿಗೂ ಇರುವ ಈ ವ್ಯತ್ಯಾಸ ನೆಟ್ಟಣದವರಿಗೆ ಹೊಸತಲ್ಲ. ನಮ್ಮ ಊರಿನ ರೈಲ್ವೆ ಸ್ಟೇಶನ್ನಿನ ಹೆಸರು ಸುಬ್ರಹ್ಮಣ್ಯ ರೋಡ್. ಟಿಕೆಟ್ ಮಾಡುವಾಗ ‘ನೆಟ್ಟಣ’ ಎಂದು ಹುಡುಕಿದ ನೆಂಟರು ಅಂಥ ಊರೇ ಇಲ್ಲ ಎಂದು ಫೋನ್ ಮಾಡುತ್ತಾರೆ. ನಾವು ನೆಟ್ಟಣ ಎನ್ನುತ್ತೇವೆ, ಯಾತ್ರಿಕರು ಸುಬ್ರಹ್ಮಣ್ಯ ಎನ್ನುತ್ತಾರೆ, ರೈಲ್ವೆಗೆ ಅದು ಎಸ್‌ಬಿಎಚ್‌ಆರ್ ಎಂಬ ಕೋಡ್. ಬೆಂಗಳೂರಿನದ್ದು ಇನ್ನೂ ಸ್ಪಷ್ಟ. ಬೆಂಗಳೂರು ಸಿಟಿ ಎಂದಿದ್ದ ಸ್ಟೇಶನ್ನಿಗೆ 2016ರಲ್ಲಿ ಸಂಗೊಳ್ಳಿ ರಾಯಣ್ಣನ ಹೆಸರು ಬಂತು. ಬೋರ್ಡು ಬದಲಾಯಿತು, ಘೋಷಣೆ ಬದಲಾಯಿತು, ಕೋಡ್ ಮಾತ್ರ ಆಗಲೂ ಎಸ್‌ಬಿಸಿ, ಈಗಲೂ ಎಸ್‌ಬಿಸಿ. ರೈಲ್ವೆಯವರು ಹೆಸರಿನ ಮೇಲೆ ಕಟ್ಟಿದ್ದರೆ ಅಂದು ಎಷ್ಟು ಕಡೆ ತಿದ್ದಬೇಕಾಗುತ್ತಿತ್ತು!

ವಿಳಾಸ ತೀರ್ಮಾನವಾದ ಮೇಲೆ ಅದನ್ನು ಎಲ್ಲಿ ಬರೆಯಬೇಕು ಎಂಬ ಪ್ರಶ್ನೆ. ಹೊಸಬರು ಪಟ್ಟಿಯ ಪುಟದಲ್ಲೇ ಕೈಯಾರೆ ಬರೆಯುತ್ತಾರೆ: ಸೈಟಿನ ಹೆಸರು, ಗೀಟು, ತಳಿ, ಗೀಟು, ನಂಬರ್. ಕೆಲಸ ಆಗುತ್ತದೆ. ಆಮೇಲೆ ಹುಡುಕಾಟದ ಪುಟಕ್ಕೂ ಅದನ್ನೇ ಬರೆಯುತ್ತಾರೆ, ‘ಹೊಸ ಸಸಿಗಳು’ ಪುಟಕ್ಕೂ. ಒಂದು ದಿನ ವಿಳಾಸದ ರೂಪ ಬದಲಿಸಬೇಕಾಗಿ ಬಂದರೆ ಎಲ್ಲ ಕಡೆ ಹುಡುಕಿ ತಿದ್ದಬೇಕು, ಒಂದು ಕಡೆ ಬಿಟ್ಟುಹೋಗಿಯೇ ಹೋಗುತ್ತದೆ. ಜ್ಯಾಂಗೊದ ಕ್ರಮ ಬೇರೆ. ಒಂದು ಸಸಿಯ ದಾಖಲೆ ಹೇಗಿರಬೇಕೆಂದು ಹೇಳುವ ‘ತಳಿ’ ಎಂಬ ಮಾಡೆಲ್‌ನ ಒಳಗೇ ಗೆಟ್ ಆಬ್ಸಲ್ಯೂಟ್ ಯುಆರ್‌ಎಲ್ ಎಂಬ ಎರಡು ಸಾಲಿನ ಫಂಕ್ಷನ್ ಬರೆದಿಟ್ಟರೆ ಆಯಿತು. ಅಂದರೆ ಸಸಿಯೇ ತನ್ನ ವಿಳಾಸ ತಾನು ಹೇಳುತ್ತದೆ. ಅದೂ ಬಾಯಿಪಾಠ ಮಾಡಿ ಹೇಳುವುದಲ್ಲ. ವಿಳಾಸಗಳ ಪಟ್ಟಿಯಲ್ಲಿ ಆ ದಾರಿಗೆ ಇಟ್ಟ ಹೆಸರನ್ನು ಹಿಡಿದು, ರಿವರ್ಸ್ ಎಂಬ ಫಂಕ್ಷನ್ನಿನ ಕೈಯಲ್ಲಿ ಕೇಳಿ ಹೇಳುತ್ತದೆ. ಪಟ್ಟಿಯ ಪುಟ ಮಾಡಬೇಕಾದದ್ದು ಒಂದೊಂದು ಸಾಲಿನಲ್ಲೂ ‘ನಿನ್ನ ವಿಳಾಸ ಎಂತದು’ ಎಂದು ಕೇಳುವುದಷ್ಟೆ.

ಇದರಿಂದ ಕೇಳದೇ ಸಿಗುವ ಲಾಭಗಳೂ ಉಂಟು. ಗೌಡ್ರು ದರ ತಿದ್ದುವ ಅಡ್ಮಿನ್ ಪುಟದಲ್ಲಿ ‘ಸೈಟಿನಲ್ಲಿ ನೋಡಿ’ ಎಂಬ ಗುಂಡಿ ತನ್ನಷ್ಟಕ್ಕೆ ಬಂತು. ಹೊಸ ಸಸಿ ಸೇರಿಸುವ ಫಾರ್ಮಿನಲ್ಲಿ ಉಳಿಸಿದ ಕೂಡಲೇ ಅದೇ ಸಸಿಯ ಪುಟಕ್ಕೆ ಹೋಗತೊಡಗಿತು. ಗೂಗಲಿಗೆ ಕೊಡುವ ಸೈಟ್‌ಮ್ಯಾಪ್ ಕೂಡ ಆ ಫಂಕ್ಷನ್ನನ್ನೇ ಕೇಳುತ್ತದೆ.

“ವಿಳಾಸದಲ್ಲಿ ತಾಲೂಕನ್ನೂ ಹಾಕಿದರೆ ಜನಕ್ಕೆ ಗೊತ್ತಾಗ್ತಿತ್ತಲ್ಲ, ಕಡಬ, ಬಿಳಿನೆಲೆ ಎಂದು” ಎಂದು ಗೌಡ್ರು ಮತ್ತೊಂದು ಆಸೆ ತೆಗೆದರು. ಬೇಲಿಯ ಆಚೆ ಸುಪಾರಿ ಸುಲಿಯುತ್ತಿದ್ದ ಗೌಡ್ತಿ ಅಕ್ಕ ಅಲ್ಲಿಂದಲೇ, “ಮೊದಲು ಪುತ್ತೂರು ಎಂದು ಬರೀತಿದ್ದೆವು, ಮತ್ತೆ ಎಂತಾಯ್ತು?” ಎಂದರು. ಸರಿಯಾದ ಮಾತು. ನಮ್ಮ ಬಿಳಿನೆಲೆ ಗ್ರಾಮ ಪುತ್ತೂರು ತಾಲೂಕಿನಲ್ಲಿತ್ತು, ಪಕ್ಕದ ಸುಬ್ರಹ್ಮಣ್ಯ ಸುಳ್ಯ ತಾಲೂಕಿನಲ್ಲಿತ್ತು. ಈಗ ಎರಡೂ ಕಡಬ. ಜಾಗ ಒಂದಿಂಚು ಸರಿಯಲಿಲ್ಲ, ತಾಲೂಕು ಬದಲಾಯಿತು. ಹಳೆಯ ತಾಲೂಕನ್ನು ವಿಳಾಸದೊಳಗೆ ಹೊಲಿದಿಟ್ಟ ಪುಟವೆಲ್ಲ ಆ ದಿನವೇ ಸುಳ್ಳಾಗುತ್ತಿತ್ತು. ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಒಂದು ಟಿಪ್ಪಣಿ ಬರೆದು, ಮುಂದೆ ಬದಲಾಗಬಹುದಾದ ಯಾವುದನ್ನೂ ವಿಳಾಸದೊಳಗೆ ಸೇರಿಸಬೇಡಿ, ವಿಷಯ ಬೇಡ, ಬರೆದವರ ಹೆಸರು ಬೇಡ ಎಂದು ಎಚ್ಚರಿಸಿದ್ದರು. ಗೌಡ್ತಿ ಅಕ್ಕ ಅದನ್ನು ಓದಿಲ್ಲ, ಅವರಿಗೆ ಓದುವ ಅಗತ್ಯವೂ ಇಲ್ಲ.

ಇಷ್ಟೆಲ್ಲ ಒಂದು ನರ್ಸರಿಗೆ ಯಾಕೆ ಎಂದು ಕೇಳಿದರೆ, ಇಲ್ಲೇ ಹತ್ತಿರದ ಕಿದು ಫಾರ್ಮ್ ನೋಡಿ ಎನ್ನುತ್ತೇನೆ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯವರ ಕೇಂದ್ರ ಅದು. ಅಲ್ಲಿ ದಕ್ಷಿಣ ಏಷ್ಯಾಕ್ಕಾಗಿ ಇರುವ ಅಂತರರಾಷ್ಟ್ರೀಯ ತೆಂಗಿನ ತಳಿ ಬ್ಯಾಂಕ್ ಉಂಟು. ಪ್ರಪಂಚದಲ್ಲಿ ಇಂಥವು ಐದು: ಭಾರತ, ಇಂಡೋನೇಷ್ಯಾ, ಪಪುವಾ ನ್ಯೂಗಿನಿ, ಐವರಿ ಕೋಸ್ಟ್, ಬ್ರೆಜಿಲ್. ಅದರಲ್ಲಿ ಒಂದು ನಮ್ಮ ನೆಟ್ಟಣದಲ್ಲಿ! ಭತ್ತ, ರಾಗಿಯ ಬೀಜವಾದರೆ ಒಣಗಿಸಿ ತಣ್ಣಗಿನ ಕೋಣೆಯಲ್ಲಿ ಡಬ್ಬದೊಳಗೆ ಇಡಬಹುದು. ತೆಂಗಿನಕಾಯಿಯನ್ನು ಒಣಗಿಸಿದರೆ ಸಾಯುತ್ತದೆ, ತಣಿಸಿದರೂ ಸಾಯುತ್ತದೆ. ಹಾಗಾಗಿ ಈ ಬ್ಯಾಂಕ್ ಎಂದರೆ ನೆಲದಲ್ಲಿ ಊರಿ ಬೆಳೆಸಿದ ಜೀವಂತ ಮರಗಳೇ. ಮರಕ್ಕೆ ಹೆಸರಿದ್ದರೆ ಸಾಲದು. ಲಕ್ಷದ್ವೀಪ ಆರ್ಡಿನರಿ ಎಂಬ ತಳಿಯೇ ರೈತರ ಕೈಗೆ ಬರುವಾಗ ಚಂದ್ರಕಲ್ಪ. ನಮ್ಮ ಕಡೆ ಕೆಂಪಗಿನ ಬೊಂಡವೆಲ್ಲ ಗೆಂದಾಳಿ, ಅದು ಚೌಘಾಟ್‌ನದ್ದೋ ಮಲಯಾದ್ದೋ ಕುಡಿಯುವವರು ಕೇಳುವುದಿಲ್ಲ. ಆದ್ದರಿಂದ ತಳಿ ಬ್ಯಾಂಕುಗಳಲ್ಲಿ ಪ್ರತಿ ಸಂಗ್ರಹಕ್ಕೂ ಒಂದು ಅಕ್ಸೆಶನ್ ನಂಬರ್, ಆ ನಂಬರಿಗೆ ಒಂದು ಪಾಸ್‌ಪೋರ್ಟ್: ಯಾವ ದೇಶದ್ದು, ಎಲ್ಲಿ ಸಂಗ್ರಹಿಸಿದ್ದು, ಯಾವಾಗ, ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿ. ಈಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಸಸ್ಯತಳಿಗಳ ಅಂತರರಾಷ್ಟ್ರೀಯ ಒಪ್ಪಂದದ ವ್ಯವಸ್ಥೆಯಲ್ಲಿ 2017ರಿಂದ ಒಂದೊಂದು ತಳಿ ಸಂಗ್ರಹಕ್ಕೂ ಡಿಒಐ, ಅಂದರೆ ಎಂದೂ ಬದಲಾಗದ ಅಂತರ್ಜಾಲ ಗುರುತು ಪಡೆಯಲಿಕ್ಕೆ ಅವಕಾಶ ಉಂಟು. ಪಟ್ಟಿಯ ಒಂದು ಸಾಲು, ಒತ್ತಿದರೆ ಆ ಮರದ ಜಾತಕ. ಗೌಡ್ರ ನರ್ಸರಿಗೂ ಅಂಥ ಬ್ಯಾಂಕಿಗೂ ಬೇಕಾದ್ದು ಒಂದೇ, ಅಳತೆ ಬೇರೆ.

ಇದಕ್ಕೆ ತದ್ವಿರುದ್ಧವಾದ ಪುಟಗಳನ್ನೂ ನಾವು ದಿನಾ ಅನುಭವಿಸುತ್ತೇವೆ, ಹೆಸರು ಹೇಳುವುದಿಲ್ಲ. ಜಿಲ್ಲೆ ಆರಿಸಿ, ಸ್ವಲ್ಪ ತಿರುಗುತ್ತದೆ. ತಾಲೂಕು ಆರಿಸಿ, ಮತ್ತೆ ತಿರುಗುತ್ತದೆ. ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ. ಅಷ್ಟರಲ್ಲಿ ರೇಂಜ್ ಹೋಗುತ್ತದೆ, ಮೊದಲಿಂದ. ಹೇಗೋ ದಾಖಲೆ ತೆರೆಯಿತು ಎನ್ನಿ. ಮೇಲೆ ವಿಳಾಸ ನೋಡಿದರೆ ಜಿಲ್ಲೆ ಆರಿಸುವ ಮೊದಲು ಎಂತ ಇತ್ತೋ ಅದೇ. ಆ ಪುಟವನ್ನು ದುಬೈಯಲ್ಲಿರುವ ತಮ್ಮನಿಗೆ ಕಳಿಸಿದರೆ ಅವನಿಗೂ ಜಿಲ್ಲೆ ಆರಿಸಿ ಎಂದೇ ಬರುತ್ತದೆ. ನಂಬರ್ ಇಲ್ಲದೆ ಅಲ್ಲ, ಸರ್ವೆ ನಂಬರಿಗಿಂತ ಗಟ್ಟಿ ನಂಬರ್ ಈ ದೇಶದಲ್ಲಿ ಯಾವುದುಂಟು? ಆ ನಂಬರಿಗೆ ಒಂದು ವಿಳಾಸ ಕಟ್ಟಿಕೊಡುವ ಮನಸ್ಸು ಯಾರಿಗೂ ಬಂದಿಲ್ಲ, ಅಷ್ಟೆ. ಖಾಸಗಿ ವಿವರ ಇರುವಲ್ಲಿ ಬೀಗ ಇರಲಿ, ಬೇಡವೆನ್ನುವುದಿಲ್ಲ. ಆದರೆ ಬೀಗ ಹಾಕಲಿಕ್ಕೂ ಮೊದಲು ಬಾಗಿಲು ಬೇಕು.

ಕೊನೆಯ ಜಗಳ ಅಳಿಸುವುದರ ಬಗ್ಗೆ. ಮಳೆಗಾಲದ ನಡುವೆ ಇಂಟರ್ ಮಂಗಳ ಸಸಿ ಮುಗಿಯಿತು, ಪಟ್ಟಿಯಿಂದ ತೆಗೆದುಬಿಡು ಎಂದರು ಗೌಡ್ರು. ತೆಗೆಯಬಹುದು, ಡಿಟೇಲ್ ವ್ಯೂ ತಾನಾಗಿಯೇ 404 ತೋರಿಸುತ್ತದೆ, ಪುಟ ಇಲ್ಲ ಎಂದು ಸತ್ಯ ಹೇಳುತ್ತದೆ. ಆದರೆ ಆ ಪುಟದ ವಿಳಾಸ ಸುಳ್ಯದಿಂದ ಉಪ್ಪಿನಂಗಡಿವರೆಗೆ ಎಷ್ಟು ವಾಟ್ಸಾಪ್ ಗುಂಪುಗಳಲ್ಲಿ ಕೂತಿದೆಯೋ. ಒತ್ತಿದವರಿಗೆ ನರ್ಸರಿಯೇ ಮುಚ್ಚಿತು ಎಂದು ಕಾಣುತ್ತದೆ. ನಾನು ಹೇಳುವುದಕ್ಕಿಂತ ಮೊದಲು ಗೌಡ್ರಿಗೇ ಹೊಳೆಯಿತು: “ನಮ್ಮ ಸ್ಟೇಶನ್ನಿನ ಹಾಗೆ ಮಾಡು.” ಬ್ರಾಡ್‌ಗೇಜ್ ಮಾಡಲಿಕ್ಕೆಂದು 1996ರಲ್ಲಿ ನಿಲ್ಲಿಸಿದ ಈ ಘಟ್ಟದ ರೈಲು ಪ್ರಯಾಣಿಕರಿಗೆ ಮತ್ತೆ ಸಿಕ್ಕಿದ್ದು 2007ರ ಡಿಸೆಂಬರಿನಲ್ಲಿ. ಅಷ್ಟು ವರ್ಷ ಸ್ಟೇಶನ್ ಇತ್ತು, ಘಟ್ಟ ಹತ್ತುವ ಪ್ರಯಾಣಿಕರ ರೈಲು ಇರಲಿಲ್ಲ. ಕೇಳಿದವರಿಗೆ ಸದ್ಯ ಇಲ್ಲ ಎಂದರೆ ಮುಗಿಯುತ್ತಿತ್ತು. ಸಸಿಯ ಪುಟದಲ್ಲೂ ಈಗ ಹಾಗೇ ಬರೆದಿದೆ: ಸದ್ಯ ಸಸಿ ಇಲ್ಲ, ಮುಂದಿನ ಮೇ ತಿಂಗಳಿಗೆ ಕೇಳಿ.

ಸಂಘದ್ದೋ ಗ್ರಂಥಾಲಯದ್ದೋ ನರ್ಸರಿಯದ್ದೋ ಪಟ್ಟಿ ಮಾಡಿಸುವವರು ನೀವಾಗಿದ್ದರೆ, ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ಪಟ್ಟಿಯ ಯಾವುದಾದರೂ ಒಂದು ಸಾಲನ್ನು ಒತ್ತಿ ತೆರೆಯಿರಿ. ಮೇಲಿನ ವಿಳಾಸ ನಕಲು ಮಾಡಿ ಬೇರೆ ಊರಿನಲ್ಲಿರುವ ಒಬ್ಬರಿಗೆ ಕಳಿಸಿ. ಅವರ ಫೋನಿನಲ್ಲಿ ಅದೇ ಪುಟ ತೆರೆದರೆ ಕೊಡಿ. ಇಲ್ಲದಿದ್ದರೆ ಮಾಡಿದವರನ್ನು ಬೇಲಿಯ ಹತ್ತಿರ ಕರೆಯಿರಿ.